ನಿಂತ ಅಂಕಿಗಳಿಗೆ ಮತ್ತೆ ಓಟ

ಹಿಂದೂಪುರದಿಂದ ಮಡಕಶಿರಾ, ಪಾವಗಡ ದಾಟಿ ಕಲ್ಯಾಣದುರ್ಗಕ್ಕೆ ಹೋಗುವವರು ಆಂಧ್ರದಿಂದ ಹೊರಟು, ಕರ್ನಾಟಕದ ನೆಲ ತುಳಿದು, ಮತ್ತೆ ಆಂಧ್ರ ಸೇರುತ್ತಾರೆ. ಇಂಥ ದಾರಿ ಸವೆಸಿದ ಹಳೆಯ ಅಂಬಾಸಡರ್, ಪದ್ಮಿನಿ ಕಾರುಗಳ ಮೀಟರನ್ನು ಬಿಚ್ಚಿ ಸರಿಮಾಡುವ ಕೈಗಳ ಮೇಲೆ ನನಗೆ ಅಪಾರ ಗೌರವ.

ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಅದರ ಹಳೆಯ ಮೀಟರಿನಲ್ಲಿ ವಿದ್ಯುತ್ತಿನ ಲೆಕ್ಕಾಚಾರವಿಲ್ಲ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲೇ ಎಲ್ಲಕ್ಕೂ ಮೂಲ. ಅದು ತಿರುಗಿಸುವ ಅಯಸ್ಕಾಂತ, ಮುಟ್ಟದೆಯೇ ಲೋಹದ ಬಟ್ಟಲನ್ನು ಎಳೆದು ವೇಗದ ಮುಳ್ಳನ್ನು ಏರಿಸುತ್ತದೆ. ದೂರದ ಅಂಕಿಗಳಿಗೋ ಹಲ್ಲುಚಕ್ರಗಳೇ ಗತಿ: ಒಂದು ಚಕ್ರ ಪೂರ್ತಿ ಸುತ್ತಿದಾಗ ಪಕ್ಕದ್ದು ಒಂದೇ ಅಂಕಿ ಮುಂದೆ ಸರಿಯುತ್ತದೆ.

ಹಾಗಾಗಿ ಮುಳ್ಳು ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ, ಜಾಣ ಮೆಕ್ಯಾನಿಕ್ ಕೇಬಲ್ ಬದಲಿಸಲು ಹೊರಡುವುದಿಲ್ಲ. ಗಟ್ಟಿಯಾದ ಗ್ರೀಸ್, ಮುರಿದ ಹಲ್ಲು, ಅಚ್ಚಿನ ಮೇಲೆ ಸಡಿಲಾಗಿ ಜಾರುವ ಗೇರ್, ಇವುಗಳನ್ನು ಹುಡುಕುತ್ತಾನೆ. ಹಳೆಯ ಜಿಡ್ಡನ್ನು ಒರೆಸಿ, ತೆಳು ಎಣ್ಣೆಯ ಹನಿಯನ್ನು ಅಚ್ಚಿಗೆ ಮಾತ್ರ ಮುಟ್ಟಿಸುತ್ತಾನೆ. ಬಟ್ಟಲಿಗೆ ಎಣ್ಣೆ ಸೋರಿದರೆ ಮುಳ್ಳು ಸುಳ್ಳು ಹೇಳತೊಡಗುತ್ತದೆ. ಬಲವಂತವಾಗಿ ಚಕ್ರ ತಿರುಗಿಸಿದರೆ ಇನ್ನೊಂದು ಹಲ್ಲೂ ಹೋಯಿತು.

ಇದಕ್ಕಿಂತ ದೊಡ್ಡದು ಆ ಕಸುಬಿನ ಪ್ರಾಮಾಣಿಕತೆ. ಬಿಚ್ಚಿದ ಮೇಲೆ ಅಂಕಿಗಳನ್ನು ಎಲ್ಲಿಗೆ ಬೇಕಾದರೂ ತಿರುಗಿಸಿ ಕೂರಿಸಬಹುದು. ಒಳ್ಳೆಯ ಕೆಲಸಗಾರ ಮೊದಲೇ ಅಂಕಿ ಬರೆದಿಟ್ಟುಕೊಂಡು, ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತಾನೆ.