ಮೂವತ್ತು ಕ್ಲಿಕ್ಕುಗಳ ಆಸೆ

ಬೆಂಗಳೂರಿನಲ್ಲಿ ಕಾರಿನ ಹುಚ್ಚು ಹಿಡಿದವರಿಗೆ ರೇಸ್ ಟ್ರ್ಯಾಕ್ ಎಂದರೆ ಸಾಮಾನ್ಯವಾಗಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ. 3.7 ಕಿ.ಮೀ. ಉದ್ದದ ಆ ಸರ್ಕ್ಯೂಟಿಗೆ ಇಲ್ಲಿಂದ ಹೆಚ್ಚುಕಡಿಮೆ 300 ಕಿ.ಮೀ. ದಾರಿ. ಟ್ರೇಲರಿನ ಮೇಲೆ ಕಾರು ಹೇರಿಕೊಂಡು ಹೋಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಓಡಿಸಿಕೊಂಡೇ ಹೋಗಬೇಕು, ಇಡೀ ದಿನ ಸುತ್ತು ಹೊಡೆಯಬೇಕು, ಅದರಲ್ಲೇ ಮನೆಗೆ ಬರಬೇಕು. ಸೋಮವಾರ ಬೆಳಿಗ್ಗೆ ಅದೇ ಕಾರು ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ. ಇಂಥ ಕಾರುಗಳಿಗೆಂದೇ ಮಾರುವ ಸರಕು ಹೊಂದಿಸಬಹುದಾದ ಕಾಯ್ಲೋವರ್ ಸಸ್ಪೆನ್ಷನ್. ರಸ್ತೆಗೆ ಮೆದು, ಟ್ರ್ಯಾಕಿಗೆ ಬಿಗಿ, ನಡುವೆ ಒಂದು ನಾಬ್ ತಿರುಗಿಸಿದರೆ ಆಯಿತು ಎಂಬುದು ಅದರ ಭರವಸೆ. ನನ್ನ ಪ್ರಕಾರ ಈ ಮಾತಿನಲ್ಲಿ ಅರ್ಧ ನಿಜ. ಜನ ದುಡ್ಡು ಸುರಿಯುತ್ತಿರುವುದು ಮಾತ್ರ ಉಳಿದರ್ಧಕ್ಕೆ.

ವಸ್ತು ಹೊಸದೇನಲ್ಲ. ಸ್ಪ್ರಿಂಗು, ಡ್ಯಾಂಪರು ಎರಡನ್ನೂ ಒಂದೇ ಕೊಳವೆಯಲ್ಲಿ ಕೂರಿಸುವ ಕೆಲಸವನ್ನು ಲಾನ್ಸಿಯಾ ಕಂಪನಿ 1922ರ ಲ್ಯಾಂಬ್ಡಾ ಕಾರಿನಲ್ಲೇ ಮಾಡಿತ್ತು. ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್ ಬಂದ ಮೇಲಂತೂ ಸಾಮಾನ್ಯ ಹ್ಯಾಚ್‌ಬ್ಯಾಕಿನ ಮುಂಭಾಗವೆಲ್ಲ ಅದೇ ಬಗೆಯದು: ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್. ಕಿಟ್ ಇದಕ್ಕೆ ಸೇರಿಸುವುದು ಕೊಳವೆಯ ಮೇಲೆ ತಿರುಪಿನ ಮರೆ (ಥ್ರೆಡ್), ಸ್ಪ್ರಿಂಗ್ ಕೂರುವ ತಟ್ಟೆಯನ್ನು ಏರಿಸಿ ಇಳಿಸುವ ಬಳೆ, ಒಳಗಿನ ಎಣ್ಣೆಯ ಹರಿವು ತಡೆಯುವ ಕವಾಟಕ್ಕೊಂದು ನಾಬ್. ಹಿಂಭಾಗದ ಕಥೆ ಬೇರೆ. ಬೆಂಗಳೂರಿನ ಹುಡುಗರ ಅಚ್ಚುಮೆಚ್ಚಿನ ಪೋಲೊ ಜಿಟಿಯನ್ನೇ ನೋಡಿ. ಅದರ ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡು ಹಿಂಚಕ್ರಗಳ ತೋಳುಗಳನ್ನು ಜೋಡಿಸುವ ತೊಲೆ. ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ. ಸ್ವಿಫ್ಟಿನಲ್ಲೂ ಹೀಗೆಯೇ. ಅಲ್ಲಿ ಸ್ಪ್ರಿಂಗು ಚಕ್ರದ ನೇರಕ್ಕಿಲ್ಲ, ತೋಳಿನ ನಡುವೆಲ್ಲೋ ಕೂತಿದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗು ಕುಗ್ಗುವುದು 7 ಮಿ.ಮೀ. ಎಂದಿಟ್ಟುಕೊಂಡರೆ, ಚಕ್ರಕ್ಕೆ ತಟ್ಟುವ ಬಿಗಿ ಆ ಅನುಪಾತದ ವರ್ಗಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಸ್ಪ್ರಿಂಗಿನ ಬಿಗಿ (ಮಿ.ಮೀ.ಗೆ ಇಷ್ಟು ಕೆ.ಜಿ. ಎಂಬ ಲೆಕ್ಕ) ಮುಂದೆ 7, ಹಿಂದೆ 5 ಎಂದು ಬರೆದಿರುವುದನ್ನು ಓದಿ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲ ನಿರ್ಧಾರವಾಗುವುದು ಸ್ಪ್ರಿಂಗಿನಲ್ಲಿ. ಒಂದು ಮುಂಚಕ್ರದ ಮೇಲೆ 300 ಕೆ.ಜಿ. ಕೂತಿದೆ ಎನ್ನೋಣ. ಒಂದು ಮಿಲಿಮೀಟರ್ ಕುಗ್ಗಲು 2.5 ಕೆ.ಜಿ. ಬೇಡುವ ಮೆದು ಸ್ಪ್ರಿಂಗು ಈ ಭಾರಕ್ಕೆ 120 ಮಿ.ಮೀ. ಕುಗ್ಗುತ್ತದೆ, ಬಾಡಿ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ. ಅದೇ ಜಾಗಕ್ಕೆ 6 ಕೆ.ಜಿ.ಯ ಸ್ಪ್ರಿಂಗ್ ಹಾಕಿದರೆ ಕುಗ್ಗುವುದು 50 ಮಿ.ಮೀ., ತೂಗಾಟ ಸೆಕೆಂಡಿಗೆ 2.2 ಸಲ. ಮನೆಮಂದಿ ಓಡಾಡುವ ಕಾರುಗಳನ್ನು 1ರಿಂದ 1.5ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. 2 ದಾಟಿತೆಂದರೆ ಅದು ಟ್ರ್ಯಾಕಿನ ಸೀಮೆ. ಸೊಂಟಕ್ಕೆ ಬೀಳುವ ಪೆಟ್ಟು ಹೇಗೂ ಗೊತ್ತಾಗುತ್ತದೆ. ಜನ ಗಮನಿಸದ ನಷ್ಟ ಇನ್ನೊಂದಿದೆ. ಗುಂಡಿ ಬಂದಾಗ ಚಕ್ರವನ್ನು ಕೆಳಕ್ಕೆ ಒತ್ತಿ ನೆಲಕ್ಕೆ ತಾಗಿಸುವುದು ಕುಗ್ಗಿ ಕೂತ ಈ ಸ್ಪ್ರಿಂಗೇ. 50 ಮಿ.ಮೀ. ಕುಗ್ಗಿದ್ದಕ್ಕೆ 50 ಮಿ.ಮೀ.ವರೆಗೆ ಮಾತ್ರ ಒತ್ತಲು ಬರುತ್ತದೆ. ಗುಂಡಿ ಅದಕ್ಕಿಂತ ಆಳವಾಗಿದ್ದರೆ ಚಕ್ರ ಗಾಳಿಯಲ್ಲಿ ನಿಂತು, ಆಚೆ ದಡಕ್ಕೆ ಹೋಗಿ ಬಡಿಯುತ್ತದೆ. ನಮ್ಮ ಹೊರವರ್ತುಲ ರಸ್ತೆಯ ಗುಂಡಿಗಳ ಆಳ ನಿಮಗೆ ಗೊತ್ತೇ ಇದೆ.

ನಾಬನ್ನು ಎಷ್ಟು ತಿರುಗಿಸಿದರೂ 6 ಕೆ.ಜಿ. ಸ್ಪ್ರಿಂಗು 2.5 ಆಗುವುದಿಲ್ಲ. ಬಳೆಯನ್ನು ಬಿಗಿದು ಪ್ರೀಲೋಡ್ ಕೊಟ್ಟರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಇನ್ನೂ ಜೀವಂತವಾಗಿದೆ. ಒಂದೇ ಸಮನೆ ಸುತ್ತಿದ ಸ್ಪ್ರಿಂಗಿನಲ್ಲಿ ಹಾಗೇನೂ ಆಗದು. ಬದಲಾಗುವುದು ಎತ್ತರ, ಇಲ್ಲವೇ ಚಕ್ರ ಕೆಳಗಿಳಿಯಲು ಉಳಿದ ಜಾಗ.

ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳ ಹೊಂದಾಣಿಕೆಯ ಬಗ್ಗೆ 1930ರ ದಶಕದಲ್ಲಿ ಜನರಲ್ ಮೋಟರ್ಸಿನಲ್ಲಿ ಮಾರಿಸ್ ಆಲಿ ಮಾಡಿದ ಕೆಲಸ ಇಂದಿಗೂ ಹಳತಾಗಿಲ್ಲ. ಹಂಪ್ ಮೊದಲು ಸಿಗುವುದು ಮುಂಚಕ್ರಕ್ಕೆ, ಹಿಂಚಕ್ರಕ್ಕೆ ತುಸು ತಡವಾಗಿ. ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಬೇಗ ತೂಗುವಂತಿದ್ದರೆ ಆ ತಡವನ್ನು ಅದು ತುಂಬಿಕೊಳ್ಳುತ್ತದೆ. ಮೂಗು ಮೇಲೆ ಬಾಲ ಕೆಳಗೆ ಎನ್ನುವ ಆಟ ಬೇಗ ನಿಲ್ಲುತ್ತದೆ. ಮುಂಚಕ್ರಗಳೇ ಎಳೆಯುವ ಕಾರುಗಳನ್ನು ರೇಸಿಗೆ ಸಿದ್ಧಪಡಿಸುವವರು ಹಿಂಭಾಗವನ್ನು ಬಿಗಿ ಮಾಡುವುದಕ್ಕೆ ಬೇರೆಯೇ ಕಾರಣವಿದೆ, ತಿರುವಿನಲ್ಲಿ ಬಾಲ ಹೊರಳಿ ಮೂಗು ಒಳಕ್ಕೆ ಬರಲಿ ಎಂದು. ಇಲ್ಲಿ ಮಾತ್ರ ರಸ್ತೆ ಮತ್ತು ಟ್ರ್ಯಾಕಿನ ಬೇಡಿಕೆ ಒಂದೇ ದಿಕ್ಕಿಗೆ ಮುಖ ಮಾಡುತ್ತದೆ. ಆದರೂ ಮುಂದೆ ಕಲ್ಲಿನಂಥ ಸ್ಪ್ರಿಂಗ್, ಹಿಂದೆ ಮೆದು ಸ್ಪ್ರಿಂಗ್ ಕೊಟ್ಟು ಕಳಿಸುವ ಕಿಟ್‌ಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ.

ಇನ್ನು ನಾಬಿನ ವಿಚಾರ. ಕೆಲವು ಕಿಟ್‌ಗಳಲ್ಲಿ 16 ಕ್ಲಿಕ್ಕು, ಕೆಲವದರಲ್ಲಿ 30, ಇನ್ನೂ ಕೆಲವದರಲ್ಲಿ 36. ಕ್ಲಿಕ್ಕು ಹೆಚ್ಚಾದಷ್ಟೂ ಸರಕು ಉತ್ತಮ ಎಂಬ ಭಾವನೆ ಹುಟ್ಟಿಸುವುದೇ ಈ ಅಂಕಿಗಳ ಕೆಲಸ. ಒಂದೇ ನಾಬ್ ಇರುವ ಡ್ಯಾಂಪರಿನಲ್ಲಿ ಅದು ಮುಖ್ಯವಾಗಿ ರೀಬೌಂಡನ್ನು, ಅಂದರೆ ಕುಗ್ಗಿದ್ದು ಹಿಗ್ಗುವ ವೇಗವನ್ನು ಹಿಡಿಯುತ್ತದೆ. ಜೊತೆಗೆ ಕಂಪ್ರೆಷನ್ನೂ ಒಂದಿಷ್ಟು ಬದಲಾಗುತ್ತದೆ. ಮೊದಲ ಹತ್ತು ಕ್ಲಿಕ್ಕುಗಳಲ್ಲಿ ಆಗುವ ವ್ಯತ್ಯಾಸವೇ ಕೊನೆಯ ಹತ್ತರಲ್ಲೂ ಆಗಬೇಕೆಂಬ ನಿಯಮವಿಲ್ಲ. ಸ್ಪ್ರಿಂಗು 2.4 ಪಟ್ಟು ಗಟ್ಟಿಯಾದರೆ ತೂಗಾಟವನ್ನು ಮೊದಲಿನಷ್ಟೇ ಚೊಕ್ಕವಾಗಿ ಹಿಡಿಯಲು ಡ್ಯಾಂಪಿಂಗ್ ಸುಮಾರು 1.55 ಪಟ್ಟು ಬೇಕು, ಅದು ವರ್ಗಮೂಲದ ಲೆಕ್ಕ. ಆ ಸ್ಪ್ರಿಂಗಿಗೆಂದೇ ಕವಾಟ ಹೊಂದಿಸಿದ ಡ್ಯಾಂಪರಿನಲ್ಲಿ ಉಪಯೋಗಕ್ಕೆ ಬರುವ ಕ್ಲಿಕ್ಕುಗಳು ನಾಲ್ಕೈದು ಇದ್ದರೂ ಸಾಕು. ಹೊಂದದ ಡ್ಯಾಂಪರಿನಲ್ಲಿ ಮೂವತ್ತಿದ್ದರೂ ಅವೆಲ್ಲ ಮೂವತ್ತು ಬಗೆಯ ತಪ್ಪುಗಳು.

ಡ್ಯಾಂಪರ್ ಏನು ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಉದ್ದನೆಯ ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲಿ ಸ್ಥಿರವಾದ ಮೇಲೆ ಡ್ಯಾಂಪರಿನ ಕೆಲಸ ಮುಗಿಯಿತು. ಎಷ್ಟು ವಾಲಬೇಕೆಂದು ತೀರ್ಮಾನಿಸುವುದು ಸ್ಪ್ರಿಂಗು ಮತ್ತು ಆ್ಯಂಟಿ-ರೋಲ್ ಬಾರ್. ಎಷ್ಟು ಬೇಗ ವಾಲಬೇಕು ಎಂಬುದಷ್ಟೇ ನಾಬಿನ ಕೈಯಲ್ಲಿದೆ. ಎಡ–ಬಲ ಬೇಗಬೇಗನೆ ಹೊರಳುವ ಜಾಗದಲ್ಲಿ, ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸುವ ಗಳಿಗೆಯಲ್ಲಿ ಅದರ ಬೆಲೆ ತಿಳಿಯುತ್ತದೆ. ಅಲ್ಲಿ ನಾಲ್ಕು ಕ್ಲಿಕ್ಕು ಬಿಗಿ ಮಾಡಿದರೆ ಸ್ಟೀರಿಂಗ್ ಚುರುಕಾಗುವುದು ಖಂಡಿತ ನಿಜ. ಅದೇ ಬಿಗಿಯಲ್ಲಿ ಮನೆಗೆ ಹೊರಟಿರೋ, ಹೆದ್ದಾರಿಯಲ್ಲಿ ಊರು ಬರುವ ಮುಂಚೆ ಸಾಲಾಗಿ ಬಳಿದಿರುವ ರಂಬಲ್ ಪಟ್ಟಿಗಳ ಮೇಲೆ ಫಲ ಕಾಣುತ್ತದೆ. ರೀಬೌಂಡ್ ಅತಿಯಾದ ಡ್ಯಾಂಪರ್ ಒಂದು ಪಟ್ಟಿಗೆ ಕುಗ್ಗಿ ಪೂರ್ತಿ ಹಿಗ್ಗುವ ಮೊದಲೇ ಮುಂದಿನದು ಬರುತ್ತದೆ. ಪಟ್ಟಿಯಿಂದ ಪಟ್ಟಿಗೆ ಕಾರು ಕೆಳಕ್ಕೆ ಕುಸಿಯುತ್ತಾ ಕೊನೆಗೆ ಚಕ್ರಗಳು ರಸ್ತೆಯ ಹಿಡಿತವನ್ನೇ ಬಿಡುತ್ತವೆ. ಬಿಗಿ ಇದ್ದಷ್ಟೂ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ ಎಂಬುದು ಎಂದೂ ನಿಜವಾಗಿರಲಿಲ್ಲ.

ಕಾಯ್ಲೋವರ್ ಹಾಕಿಸಿದವರು ಅತಿ ಹೆಚ್ಚು ಕೈಯಾಡಿಸುವುದು ಎತ್ತರದ ಬಳೆಯ ಮೇಲೆ. ಹಾಕಿಸಿದ ದಿನವೇ ಕಾರು ಎರಡು ಬೆರಳು ಕೆಳಗೆ, ಫೆಂಡರಿಗೂ ಟೈರಿಗೂ ನಡುವೆ ಜಾಗವಿಲ್ಲ, ಫೋಟೊ ಚೆನ್ನಾಗಿ ಬರುತ್ತದೆ. ಗುರುತ್ವ ಕೇಂದ್ರ ಇಳಿದರೆ ಒಳ್ಳೆಯದೇ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಕೆಳಗಿನ ತೋಳು ಚಕ್ರದ ಕಡೆಗೆ ಇಳಿಜಾರಾಗಿರಬೇಕು, ಕನಿಷ್ಠ ಮಟ್ಟಸವಾಗಿರಬೇಕು. ಅತಿಯಾಗಿ ಇಳಿಸಿದಾಗ ಅದು ಚಕ್ರದ ಕಡೆಗೆ ಏರುತ್ತದೆ. ಆಗ ಬಾಡಿ ಯಾವ ಬಿಂದುವನ್ನು ಹಿಡಿದು ವಾಲುತ್ತದೋ ಆ ರೋಲ್ ಸೆಂಟರ್ ಗುರುತ್ವ ಕೇಂದ್ರಕ್ಕಿಂತ ಬೇಗ ಕುಸಿಯುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ. ಹೀಗಾಗಿ ತಗ್ಗಿಸಿದ ಕಾರು ಅದೇ ಸ್ಪ್ರಿಂಗಿನ ಮೇಲೆ ಮೊದಲಿಗಿಂತ ಹೆಚ್ಚು ವಾಲಬಹುದು. ಹೊರಗಿನ ಚಕ್ರಕ್ಕೆ ಬೇಕಾದ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿರುವುದು ಕೂಡ ಕೈಬಿಡುತ್ತದೆ. ಮೇಲಕ್ಕೆ ಚಲಿಸಲು ಇದ್ದ 70 ಮಿ.ಮೀ.ನಲ್ಲಿ 40ನ್ನು ಕಳೆದುಕೊಂಡ ಸ್ಟ್ರಟ್ ತಿರುವಿನ ನಡುವೆ ಬಂಪ್ ಸ್ಟಾಪಿನ ರಬ್ಬರಿಗೆ ತಾಗಿದರೆ ಒಮ್ಮೆಲೇ ಸೆಟೆದುಕೊಂಡು ಮುಂಚಕ್ರ ಹೊರಕ್ಕೆ ಜಾರುತ್ತದೆ. ಚಾಲಕ ಆಗ ದೂರುವುದು ಟೈರನ್ನು.

ರಸ್ತೆಯಲ್ಲಂತೂ ಹೇಳುವುದೇ ಬೇಡ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಷ್ಟು ಅಗಲವಿದ್ದರೆ ತಗ್ಗಿಸಿದ ಕಾರೂ ದಾಟೀತು. ಬಡಾವಣೆಯ ಗುತ್ತಿಗೆದಾರ ರಾತ್ರೋರಾತ್ರಿ ಹಾಕಿಹೋದ ಗುಡ್ಡಕ್ಕೆ ಯಾವ ಮಾನದಂಡ?

ಎತ್ತರ ಬದಲಿಸಿದಾಗಲೆಲ್ಲ ಟೋ (ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ ಎರಡೂ ಬದಲಾಗುತ್ತವೆ, ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು. ಟ್ರ್ಯಾಕಿಗೆ ಇಳಿಸಿ, ಊರಿಗೆ ಬಂದು ಏರಿಸುತ್ತೇನೆ ಎನ್ನುವವರು ಇದನ್ನು ನಾಲ್ಕು ತಿಂಗಳು ಮಾಡಿ ಬಿಡುತ್ತಾರೆ. ಅಷ್ಟರಲ್ಲಿ ಟೈರಿನ ಒಳ ಅಂಚು ಸವೆದಿರುತ್ತದೆ. ಇದಕ್ಕೆ ಕ್ಯಾಂಬರನ್ನು ಬೈಯುವುದು ರೂಢಿ, ಬಹಳ ಸಲ ನಿಜವಾದ ಕಳ್ಳ ಟೋ. ನಮ್ಮ ಮಳೆಗಾಲದ ಕೆಸರು ಬಳೆಯ ಮರೆಯೊಳಗೆ ಸೇರಿ ಒಣಗಿತೆಂದರೆ ಸಿ-ಸ್ಪ್ಯಾನರಿಗೂ ಅದು ಜಗ್ಗುವುದಿಲ್ಲ. ಹೊಂದಿಸಬಹುದಾದ ಸಸ್ಪೆನ್ಷನ್ ಅಲ್ಲಿಗೆ ಹೊಂದಿಸಲಾಗದ್ದಾಯಿತು.

ಹಾಗಾದರೆ ಈ ವಸ್ತು ನಿಷ್ಪ್ರಯೋಜಕವೇ? ಅಲ್ಲ. ಜಾಹೀರಾತು ಹೇಳದ ಗುಣಗಳು ಇದರಲ್ಲಿವೆ. 60–65 ಮಿ.ಮೀ. ಒಳವ್ಯಾಸದ ಸ್ಪ್ರಿಂಗುಗಳು ಬಿಡಿಯಾಗಿ ಸಿಗುವುದರಿಂದ ಕಿಟ್ ಕೊಟ್ಟ ತಪ್ಪು ಸ್ಪ್ರಿಂಗನ್ನು ಬದಲಿಸಬಹುದು. ಮೇಲಿನ ಪ್ಲೇಟಿನಲ್ಲಿ ಕ್ಯಾಂಬರ್ ಹೊಂದಿಸಬಹುದು. ರಸ್ತೆಗೆ ಮೈನಸ್ ಒಂದೂವರೆ ಡಿಗ್ರಿ, ಟ್ರ್ಯಾಕಿಗೆ ಮೈನಸ್ ಮೂರರ ಹತ್ತಿರ ಇಡುವುದು ಹೊರಗಿನ ಟೈರಿನ ಬಾಳಿಕೆಯಲ್ಲೇ ಗೊತ್ತಾಗುವಂಥ ಲಾಭ. ಚಾಲಕನನ್ನು ಕೂರಿಸಿ, ನಾಲ್ಕು ಚಕ್ರಗಳ ಕೆಳಗೆ ತಕ್ಕಡಿ ಇಟ್ಟು, ಕರ್ಣದ ಎರಡು ಚಕ್ರಗಳ ಭಾರ ಅರ್ಧಕ್ಕೆ ಬರುವಂತೆ ಬಳೆ ಹೊಂದಿಸಿದರೆ ಎಡ, ಬಲ ಎರಡೂ ತಿರುವಿನಲ್ಲಿ ಕಾರು ಒಂದೇ ರೀತಿ ನಡೆದುಕೊಳ್ಳುತ್ತದೆ. ಎತ್ತರದ ಬಳೆ ಇರುವುದು ಇದಕ್ಕೆ. ಈ ಕೆಲಸಕ್ಕೆ ಅದನ್ನು ಬಳಸುವವರು ಮಾತ್ರ ಬಹಳ ಕಡಿಮೆ.

ಟ್ಯೂನಿಂಗ್ ಎಂಬುದು ಕೊಳ್ಳುವ ವಸ್ತುವಲ್ಲ, ಶಿಸ್ತು. ನಾಬನ್ನು ಪೂರ್ತಿ ಮುಚ್ಚಿ ಅಲ್ಲಿಂದ ಕ್ಲಿಕ್ಕು ಎಣಿಸಬೇಕು. ಎಣಿಕೆ ಶುರುಮಾಡಲು ಪ್ರತಿಸಲ ಒಂದೇ ಕಡೆ ಸಿಗುವ ಜಾಗ ಅದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬರೆದಿಡಬೇಕು, ಬಿಸಿ ಟೈರಿನ ಗಾಳಿಯ ಒತ್ತಡ ಸಮ ಮಾಡಿಕೊಂಡೇ ಹೋಲಿಸಬೇಕು. ಪಿಟ್ಟಿಗೆ ಬಂದ ಕೂಡಲೇ ಟೈರಿನ ಒಳ ಅಂಚು, ನಡು, ಹೊರ ಅಂಚಿನ ಬಿಸಿ ಅಳೆದರೆ ಕ್ಯಾಂಬರ್ ಸಾಕೋ ಸಾಲದೋ ತಿಳಿಯುತ್ತದೆ. ಟ್ರ್ಯಾಕ್ ದಿನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಾತ್ರ ಬೇರೆ: ಎರಡು ಸುತ್ತು ಹೊಡೆದು ಬಂದು, ನಾಲ್ಕೂ ನಾಬನ್ನು ಗಟ್ಟಿ ಕಡೆಗೆ ತಿರುಗಿಸಿ, ಟೈರಿನ ಗಾಳಿಯನ್ನೂ ಇಳಿಸಿ, ಕಾರು ಸುಧಾರಿಸಿತೆಂದು ಹೇಳುವುದು. ಯಾವುದರಿಂದ ಸುಧಾರಿಸಿತೆಂದು ಕೇಳಿದರೆ ಉತ್ತರವಿರದು.

ಕಾನೂನಿನ ಬಗ್ಗೆ ಒಂದು ಮಾತು. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಕಿಟ್ ಹಾಕಿಸುವ ಮೊದಲು ವಿಮಾ ಕಂಪನಿಗೆ ಬರೆದು ತಿಳಿಸುವುದು ಲೇಸು.

ನನ್ನ ತೀರ್ಪು ಇಷ್ಟು. ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋಗುವವರು ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಎಣ್ಣೆ, ಸರಿಯಾದ ಅಲೈನ್‌ಮೆಂಟಿಗೆ ಖರ್ಚು ಮಾಡಲಿ. ಆಮೇಲೂ ದುಡ್ಡು ಉಳಿದರೆ ತುಸು ಗಟ್ಟಿಯಾದ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ, ನಾಬೇ ಇಲ್ಲದ ಡ್ಯಾಂಪರು ಅವರಿಗೆ ಸಾಕು. ತಿಂಗಳಿಗೊಮ್ಮೆ ಟ್ರ್ಯಾಕಿನಲ್ಲಿರುವವರು ಕಾಯ್ಲೋವರ್ ಕೊಳ್ಳಲಿ, ಆದರೆ ಎತ್ತರವನ್ನು ಒಮ್ಮೆ ಹೊಂದಿಸಿ ಬಳೆಗೆ ಬೀಗ ಹಾಕಿದಂತೆ ಬಿಡಲಿ. ಅಂಗಡಿಯವನು ಕ್ಲಿಕ್ಕುಗಳ ಲೆಕ್ಕ ಹೇಳತೊಡಗಿದಾಗ ಆ ಸ್ಪ್ರಿಂಗಿಗೆ ಹೊಂದಿಸಿದ ಡ್ಯಾಂಪರಿನ ಡೈನೋ ಗ್ರಾಫ್, ಅಂದರೆ ಯಾವ ವೇಗದಲ್ಲಿ ಅದು ಎಷ್ಟು ತಡೆಯುತ್ತದೆ ಎಂಬ ಅಳತೆಯ ನಕ್ಷೆ, ತೋರಿಸಲು ಕೇಳಿ. ತೋರಿಸದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.