‘ಸದ್ಯಕ್ಕೆ’ ಎಂಬ ಮಾತಿನ ಆಯಸ್ಸು

‘ಸದ್ಯಕ್ಕೆ ಇಲ್ಲಿರಲಿ’ ಎಂದು ನಡುಮನೆಯ ಮೂಲೆಗೆ ಸರಿಸಿದ ಪೆಟ್ಟಿಗೆ ಹತ್ತು ವರ್ಷ ಅಲ್ಲೇ ಇರುವುದು ನಮಗೆ ಹೊಸದಲ್ಲ. ಕಾನೂನಿಗೂ ಈ ಗುಣವಿದೆ. 1920ರ ಡಿಸೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ಬಂದ ವಲಸೆ ಮಸೂದೆ ಕೇಳಿದ್ದು ಹೆಚ್ಚೇನಲ್ಲ. ಹತ್ತಿರದ ಬಂಧುಗಳಂಥ ಕೆಲವರನ್ನು ಬಿಟ್ಟು ಉಳಿದವರ ವಲಸೆಯನ್ನು ಎರಡು ವರ್ಷ ತಡೆಯೋಣ, ಅಷ್ಟರಲ್ಲಿ ಸಾವಧಾನವಾಗಿ ಯೋಚಿಸಿ ಸರಿಯಾದ ನೀತಿ ರೂಪಿಸೋಣ ಎಂದು. ಸದನ ಆ ಅವಧಿಯನ್ನೂ ವರ್ಷದ ಆಸುಪಾಸಿಗೆ ಇಳಿಸಿ, 296–42 ಮತಗಳಿಂದ ಒಪ್ಪಿತು. ಶಾಶ್ವತ ನಿಷೇಧ ಎಂದಿದ್ದರೆ ಇಷ್ಟು ಜನ ಕೈ ಎತ್ತುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಹಾಗಾಗಿ ಈ ‘ತಾತ್ಕಾಲಿಕ’ ಎಂಬ ಪದವನ್ನೇ ಹಿಡಿದು ಆ ಕಾಲದ ವಾದಗಳನ್ನು ಓದಬೇಕು.

ವಾದ ಪೂರ್ತಿ ಪೊಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1914ರಲ್ಲಿ 12 ಲಕ್ಷ ದಾಟಿದ್ದ ವಲಸಿಗರ ಸಂಖ್ಯೆ ಯುದ್ಧದಿಂದಾಗಿ 1919ರ ಹೊತ್ತಿಗೆ 1.41 ಲಕ್ಷಕ್ಕೆ ಕುಸಿದಿತ್ತು, ಮರುವರ್ಷ 4.3 ಲಕ್ಷ, ಅದರ ಮರುವರ್ಷ 8 ಲಕ್ಷ. ಅದೇ ಹೊತ್ತಿಗೆ ಆರ್ಥಿಕ ಹಿಂಜರಿತ ಬಂತು, ಯುದ್ಧದಿಂದ ಮರಳಿದ ಸೈನಿಕರಿಗೂ ಕೆಲಸ ಬೇಕಿತ್ತು. ಕಾರ್ಮಿಕ ಒಕ್ಕೂಟದ ನಾಯಕ ಸ್ಯಾಮ್ಯುಯೆಲ್ ಗೋಂಪರ್ಸ್ ತಡೆಯ ಪರವಾಗಿ ನಿಂತರು. ಅವರೇ ಲಂಡನ್ನಿನಿಂದ ವಲಸೆ ಬಂದ ಯಹೂದಿ ಕುಟುಂಬದವರು. ಅದನ್ನು ಬರೀ ಕಪಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಕೂಲಿ ಇಳಿಯುತ್ತದೆಂಬ ಭಯ ಹೊಟ್ಟೆಯಿಂದ ಹುಟ್ಟಿದ್ದು.

ಕೆಲಸದ ವಾದಕ್ಕೆ ಒಂದು ಗೌರವವಿದೆ: ಅದಕ್ಕೆ ಕೊನೆಯಿದೆ. ಕೆಲಸ ಸಿಕ್ಕುವಂತಾದರೆ ವಾದ ತಾನಾಗಿ ಮುಗಿಯುತ್ತದೆ. ಪ್ರವಾಹದ ರೂಪಕವೂ ಹಾಗೆಯೇ. ಆ ವರ್ಷಗಳ ಭಾಷಣಗಳಲ್ಲೂ ಪತ್ರಿಕೆಗಳಲ್ಲೂ ವಲಸಿಗರು ಮತ್ತೆ ಮತ್ತೆ ನೀರಾಗುತ್ತಾರೆ: ಹೊಳೆ, ಅಲೆ, ಒಡೆದ ಕಟ್ಟೆ. ನೆರೆ ಇಳಿದ ಮೇಲೆ ಮರಳಿನ ಚೀಲ ತೆಗೆಯಲೇಬೇಕಲ್ಲ. ಆದರೆ ಮಸೂದೆಯ ಜೊತೆಗಿದ್ದ ಸಮಿತಿ ವರದಿ ಬೇರೆ ಭಾಷೆಯನ್ನೂ ಆಡುತ್ತದೆ. ಯುರೋಪಿನ ಅಮೆರಿಕನ್ ಕಾನ್ಸುಲ್‌ಗಳು ಕಳಿಸಿದ ಮಾಹಿತಿಯ ಸಾರವನ್ನು ಅದಕ್ಕೆ ಸೇರಿಸಲಾಗಿತ್ತು. ಅಲ್ಲಿ ಪೂರ್ವ ಯುರೋಪಿನ ಯಹೂದಿಗಳು ಕೊಳಕರು, ಅಮೆರಿಕಕ್ಕೆ ಒಗ್ಗದವರು, ಅಪಾಯಕಾರಿ ಅಭ್ಯಾಸದವರು. ಕೊಳಕು, ಒಗ್ಗದಿರುವಿಕೆ ಇವು ಮಾರುಕಟ್ಟೆ ಸುಧಾರಿಸಿದರೆ ಹೋಗುವ ದೋಷಗಳಲ್ಲ. ಅವನ್ನು ಮನುಷ್ಯರ ಸ್ವಭಾವವೆಂದು ಬರೆಯಲಾಗಿದೆ. ಹೀಗೆ ಒಂದೇ ದಾಖಲೆಯಲ್ಲಿ ಎರಡು ಕಾಲಗಳಿವೆ. ಮಸೂದೆ ‘ಈಗ’ ಎನ್ನುತ್ತದೆ, ಅದರ ಬೆನ್ನಿಗಿರುವ ಪುಟಗಳು ‘ಎಂದೆಂದಿಗೂ’ ಎನ್ನುತ್ತವೆ. ಇದು ಆಕಸ್ಮಿಕವೂ ಅಲ್ಲ. ಅದೇ 1920ರಲ್ಲಿ ಸಮಿತಿಯ ಅಧ್ಯಕ್ಷ ಆಲ್ಬರ್ಟ್ ಜಾನ್ಸನ್, ಹ್ಯಾರಿ ಲಾಫ್ಲಿನ್ ಎಂಬವರನ್ನು ಸಮಿತಿಯ ತಜ್ಞರನ್ನಾಗಿ ನೇಮಿಸಿಕೊಂಡಿದ್ದರು. ಲಾಫ್ಲಿನ್ ಸುಜನನಶಾಸ್ತ್ರದವರು, ಎಂದರೆ ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂದು ಜನರನ್ನು ವಿಂಗಡಿಸುವುದೇ ವಿಜ್ಞಾನವೆಂದು ನಂಬಿದ್ದವರು.

ಸೆನೆಟ್ ಪೂರ್ತಿ ತಡೆಯನ್ನು ಒಪ್ಪಲಿಲ್ಲ. ವರ್ಮಾಂಟಿನ ಡಿಲಿಂಗ್‌ಹ್ಯಾಮ್ ಅದರ ಬದಲಿಗೆ ಕೋಟಾ ತಂದರು: 1910ರ ಜನಗಣತಿಯಲ್ಲಿ ಯಾವ ದೇಶದಲ್ಲಿ ಹುಟ್ಟಿದವರು ಎಷ್ಟಿದ್ದರೋ ಅದರ ಶೇಕಡಾ 3. ಅಧ್ಯಕ್ಷ ವಿಲ್ಸನ್ ಸಹಿ ಹಾಕದೆ ಬಿಟ್ಟರು, ಹೊಸ ಅಧ್ಯಕ್ಷ ಹಾರ್ಡಿಂಗ್ 1921ರ ಮೇ 19ರಂದು ಹಾಕಿದರು. ಹೆಸರಿನಲ್ಲೇ ‘ತುರ್ತು’ ಎಂದು ಕರೆಸಿಕೊಂಡ ಈ ಕಾನೂನಿಗೆ 1922ರ ಜೂನ್ 30 ಕೊನೆಯ ದಿನ. ಒಂದು ತಿಂಗಳಲ್ಲಿ ವರ್ಷದ ಕೋಟಾದ ಐದನೇ ಒಂದು ಭಾಗ ಮಾತ್ರ ಒಳಬರಬಹುದಿತ್ತಾದ್ದರಿಂದ, ತಿಂಗಳ ಕೊನೆಯ ರಾತ್ರಿ ಹಡಗುಗಳು ನ್ಯೂಯಾರ್ಕ್ ಬಂದರಿನ ಹೊರಗೆ ಕಾದು ನಿಂತು, ಹನ್ನೆರಡು ಹೊಡೆದೊಡನೆ ಒಳಗೆ ನುಗ್ಗುತ್ತಿದ್ದವು.

ಗಡುವು ಬಂದಾಗ ಕಾನೂನನ್ನು ಇನ್ನೆರಡು ವರ್ಷ ಮುಂದುವರಿಸಿದರು. 1923ರ ಹೊತ್ತಿಗೆ ಆರ್ಥಿಕತೆ ಚೇತರಿಸಿಕೊಂಡಿತ್ತು. ಕೆಲಸದ ವಾದವೇ ನಿಜವಾಗಿದ್ದರೆ ಬಾಗಿಲು ಸಡಿಲಾಗಬೇಕಿತ್ತು. ಆದದ್ದು ತಿರುಗುಮುರುಗು. 1924ರ ಕಾನೂನು ಶೇಕಡಾ 3 ಅನ್ನು 2ಕ್ಕೆ ಇಳಿಸಿತು, ಜನಗಣತಿಯನ್ನು 1890ಕ್ಕೆ ಹಿಂದೆ ತಳ್ಳಿತು. ಯಾಕೆ 1890? ಇಟಲಿಯವರು, ಪೋಲೆಂಡಿನವರು, ಯಹೂದಿಗಳು ಬಹುಪಾಲು ಬಂದದ್ದು ಆಮೇಲೆ. 42,057 ಇದ್ದ ಇಟಲಿಯ ಕೋಟಾ 3,845 ಆಯಿತು. ಪೀಠಿಕೆಯಲ್ಲಿದ್ದ ಕಾರಣ ಹೋಯಿತು, ಅನುಬಂಧದಲ್ಲಿದ್ದ ಕಾರಣ ಉಳಿಯಿತು. ಈಗ ಪುರಾವೆ ಕೊಡುವ ಹೊಣೆ ಬಾಗಿಲು ತೆರೆಯಬೇಕೆನ್ನುವವರದಾಗಿತ್ತು.

ವಿರೋಧಿಸಿದವರ ಬಗ್ಗೆಯೂ ನನಗೆ ಒಂದು ತಕರಾರಿದೆ. ಅವರಲ್ಲಿ ಹಲವರು ತುರ್ತುಸ್ಥಿತಿಯೇ ಇಲ್ಲ, ಅಂಕಿ ಅಂಶ ನೋಡಿ ಎಂದು ವಾದಿಸಿದರು. ಅದು ಸರಿಯಾದ ಲೆಕ್ಕವಿರಬಹುದು, ಒಳ್ಳೆಯ ಉತ್ತರವಲ್ಲ. ತುರ್ತು ಇದ್ದಿದ್ದರೆ ಜನರನ್ನು ಹುಟ್ಟಿದ ನೆಲ ನೋಡಿ ಅಳೆಯಬಹುದಿತ್ತೇ ಎಂಬ ಪ್ರಶ್ನೆ ಅದರಿಂದ ಪಕ್ಕಕ್ಕೆ ಸರಿಯಿತು. ಅವರ ಮುಂದೆ ಉದಾಹರಣೆಯಂತೂ ಇತ್ತು. 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ‘ಹತ್ತು ವರ್ಷ’ ತಡೆಹಿಡಿಯಲಾಗಿತ್ತು. 1892ರಲ್ಲಿ ಇನ್ನೂ ಹತ್ತು. 1904ರ ಹೊತ್ತಿಗೆ ಗಡುವೇ ಮಾಯ. ರದ್ದಾದದ್ದು 1943ರಲ್ಲಿ. ಆ ಕಾನೂನಿನ ಇನ್ನೊಂದು ಬದಿಯ ಬರಹ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿದೆ. 1910ರಿಂದ 1940ರವರೆಗೆ ಅಲ್ಲಿ ಕೂಡಿಹಾಕಲ್ಪಟ್ಟ ಚೀನೀಯರು ಮರದ ಗೋಡೆಗಳಲ್ಲಿ ತಮ್ಮ ಹಳೆಯ ಛಂದಸ್ಸಿನ ಕವಿತೆಗಳನ್ನು ಕೊರೆದರು, ಬಹುತೇಕ ಹೆಸರಿಲ್ಲದೆ. ಸಮಿತಿ ವರದಿಯಲ್ಲಿ ವಲಸಿಗರು ಗುಂಪು; ಗೋಡೆಯ ಮೇಲೆ ಅವರು ಒಬ್ಬೊಬ್ಬರಾಗಿ ದಿನ ಎಣಿಸುತ್ತಾರೆ. ವಲಸೆ ಕಾನೂನಿನ ಬಗ್ಗೆ ಬರೆಯುವವರು ಎರಡನ್ನೂ ಜೊತೆಗಿಟ್ಟು ಓದಬೇಕೆಂದು ನನ್ನ ಹಟ.

ಭಾರತೀಯರ ವಿಷಯದಲ್ಲಿ ‘ಸದ್ಯಕ್ಕೆ’ ಎಂಬ ಸೌಜನ್ಯವೂ ಇರಲಿಲ್ಲ. 1917ರ ಕಾನೂನು ಅಕ್ಷಾಂಶ ರೇಖಾಂಶ ಹಾಕಿ ಏಷ್ಯಾದ ಬಹುಭಾಗಕ್ಕೆ ಬೇಲಿ ಕಟ್ಟಿತು, ಭಾರತ ಅದರೊಳಗಿತ್ತು. ಯಾರನ್ನೂ ಒಪ್ಪಿಸಬೇಕಿಲ್ಲದ ಕಡೆ ನೆಪಕ್ಕೂ ಶ್ರಮಪಡುವುದಿಲ್ಲ. 1946ರಲ್ಲಿ ವರ್ಷಕ್ಕೆ 100 ಭಾರತೀಯರಿಗೆ ಜಾಗವಾಯಿತು. ಇಂದು ಅಲ್ಲಿ ಯುಗಾದಿ, ರಾಜ್ಯೋತ್ಸವ ಮಾಡುವ ಕನ್ನಡಿಗರಲ್ಲಿ ಬಹುಪಾಲು ಜನ ಹೋದದ್ದು 1965ರಲ್ಲಿ ದೇಶವಾರು ಕೋಟಾವನ್ನು ಕಿತ್ತುಹಾಕಿದ ಮೇಲೆ. 1946ರ ಮತ್ತು 1965ರ ಕಾನೂನುಗಳೆರಡರ ಹೆಸರಲ್ಲೂ ನ್ಯೂಯಾರ್ಕಿನ ಇಮ್ಯಾನುಯೆಲ್ ಸೆಲ್ಲರ್ ಇದ್ದಾರೆ. 1924ರ ಕಾನೂನನ್ನು ಹೊಸ ಸದಸ್ಯರಾಗಿ ಎದುರಿಸಿ ಸೋತವರು ಅವರು. ಅದು ಬಿದ್ದುಹೋದಾಗ ಅವರಿಗೆ 77 ವರ್ಷ, ಇನ್ನೂ ಅದೇ ಸದನದಲ್ಲಿದ್ದರು.