ಹದಿಹರೆಯದ ದನಿ: ಗಡಿನಾಡಿನ ಕಥನಕ್ಕೆ ಎದುರಾಗುವ ಒಂದು ಪ್ರಶ್ನೆ

ಕನ್ನಡದ ಎಣಿಕೆಯಲ್ಲಿ ‘ಹದಿ’ ಎಂಬುದು ಹದಿಮೂರರಿಂದ ಆರಂಭವಾಗಿ ಹದಿನೆಂಟಕ್ಕೆ ಮುಗಿಯುತ್ತದೆ. ಹನ್ನೆರಡು ಇನ್ನೂ ‘ಹನ್’ನ ಗುಂಪಿನದು, ಹತ್ತೊಂಬತ್ತು ಆಗಲೇ ಬೇರೆ ರೂಪದ್ದು. ಹದಿಹರೆಯವೆಂಬ ಪದ ಸೂಚಿಸುವ ಅವಧಿ ಇಷ್ಟು ಚಿಕ್ಕದು. ಈ ಆರು ವರ್ಷಗಳ ಮಾತನ್ನು ನಂಬುವಂತೆ ಬರೆಯುವುದು ಕಥನಕಾರರಿಗೆ ಒಡ್ಡುವ ಕಷ್ಟವಾದರೋ ದೊಡ್ಡದು. ಮಗುವಿನ ದನಿಯಲ್ಲಿ ಬರೆಯುವವರಿಗೆ ಮುಗ್ಧತೆಯ ನೆರವಿದೆ, ಪ್ರೌಢರ ದನಿಯಲ್ಲಿ ಬರೆಯುವವರಿಗೆ ತಮ್ಮದೇ ಅನುಭವದ ನೆರವಿದೆ. ಹದಿನಾರರ ಹುಡುಗಿಯ ದನಿಗೆ ಈ ಎರಡೂ ಪೂರ್ತಿಯಾಗಿ ಒದಗಿಬರುವುದಿಲ್ಲ. ಅವಳು ಬಹಳಷ್ಟನ್ನು ತಿಳಿದಿರುತ್ತಾಳೆ. ತಿಳಿದದ್ದನ್ನು ಹೇಳುವ ಮಾತನ್ನು ಇನ್ನೂ ಹುಡುಕುತ್ತಿರುತ್ತಾಳೆ.

ಈ ಬಗೆಯ ಬರಹದಲ್ಲಿ ಸಾಮಾನ್ಯವಾಗಿ ಎರಡು ದೋಷಗಳು ಕಾಣಿಸುತ್ತವೆ. ಮೊದಲನೆಯದು, ಲೇಖಕರು ತಮ್ಮ ತೀರ್ಮಾನಗಳನ್ನು ಪಾತ್ರದ ಬಾಯಿಗೆ ತುರುಕುವುದು. ಎರಡನೆಯದು ಇದರ ವಿಪರೀತ: ಆ ಕಾಲದ ಹುಡುಗರ ಆಡುನುಡಿಯ ನಾಲ್ಕಾರು ಪದಗಳನ್ನು ಆರಿಸಿ ವಾಕ್ಯಗಳ ಮೇಲೆ ಉದುರಿಸುವುದು. ಮೊದಲ ಬರಹದ ಹುಡುಗ ಉಪನ್ಯಾಸಕನಂತೆ ಮಾತನಾಡುತ್ತಾನೆ, ಎರಡನೆಯ ಬರಹದ ಹುಡುಗ ಜಾಹೀರಾತಿನಂತೆ. ಎರಡೂ ಕಡೆ ಲೇಖಕರ ಗಮನ ಹರೆಯದವರು ಬಳಸುವ ಪದಗಳ ಮೇಲಿದೆ. ಅವರು ಯಾರಿಗೆ, ಯಾವ ಹೊತ್ತಿನಲ್ಲಿ, ಏನನ್ನು ಮರೆಸಿ ಮಾತನಾಡುತ್ತಿದ್ದಾರೆ ಎಂಬುದರ ಮೇಲೆ ಇಲ್ಲ.

ನಿಜವಾದ ಹರೆಯದ ಬರವಣಿಗೆ ಹೇಗಿರುತ್ತದೆ ಎಂಬುದಕ್ಕೆ ಆನ್ ಫ್ರಾಂಕ್‌ಳ ದಿನಚರಿಯಷ್ಟು ವಿಸ್ತಾರವಾದ ಸಾಕ್ಷ್ಯ ಅಪರೂಪ. 1942ರ ಜೂನ್ 12ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬದ ದಿನ ಆರಂಭಿಸಿದ ಈ ಬರಹವನ್ನು ಅವಳು 1944ರ ಆಗಸ್ಟ್ 1ರವರೆಗೆ ಮುಂದುವರಿಸಿದಳು. 1944ರ ಮಾರ್ಚ್‌ನಲ್ಲಿ, ದೇಶದ ಹೊರಗಿದ್ದ ಡಚ್ ಸರ್ಕಾರದ ಸಚಿವರೊಬ್ಬರು ಯುದ್ಧಕಾಲದ ದಿನಚರಿ ಮತ್ತು ಪತ್ರಗಳನ್ನು ಕಾಯ್ದಿಡಬೇಕೆಂದು ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿ, ತನ್ನ ಬರಹವನ್ನು ತಾನೇ ತಿದ್ದಿ ಬರೆಯತೊಡಗಿದಳು. ಇಂದು ಓದುಗರಿಗೆ ಸಿಗುವ ಪುಸ್ತಕದಲ್ಲಿ ಹದಿಮೂರರ ಆನ್ ಮತ್ತು ಅವಳನ್ನು ತಿದ್ದುವ ಸುಮಾರು ಹದಿನೈದರ ಆನ್ ಇಬ್ಬರೂ ಇರುವುದು ಇದರಿಂದ. 1944ರ ಜನವರಿಯ ಆರಂಭದಲ್ಲಿ, ತಾಯಿಯ ಬಗ್ಗೆ ಹಿಂದೆ ಬರೆದ ಪುಟಗಳನ್ನು ಮತ್ತೆ ಓದಿ ಅವಳು ನಾಚಿಕೊಳ್ಳುತ್ತಾಳೆ. ಕೊನೆಯ ದಾಖಲೆಯ ವಿಷಯವೇ ತನ್ನೊಳಗಿನ ಇಬ್ಬರು ಆನ್‌ರ ನಡುವಣ ವಿರೋಧ.

ಕಥನಕಾರರು ಇಲ್ಲಿಂದ ಕಲಿಯಬೇಕಾದ ಪಾಠ ಪದಕೋಶದ್ದಲ್ಲ. ಹರೆಯದ ದನಿ ತನ್ನನ್ನು ತಾನೇ ಕೇಳಿಸಿಕೊಳ್ಳುತ್ತದೆ, ನಿನ್ನೆಯ ತನ್ನ ಮಾತಿಗೆ ಇಂದು ಸಿಟ್ಟಾಗುತ್ತದೆ. ಊಟದ ಮೇಜಿನ ಜಗಳದಿಂದ ಯುದ್ಧಕ್ಕೆ, ಯುದ್ಧದಿಂದ ಕೂದಲ ಅಲಂಕಾರಕ್ಕೆ ಅದು ಸೇತುವೆಯಿಲ್ಲದೆ ದಾಟಬಲ್ಲದು. ಈ ಚಲನೆಯನ್ನು ಹಿಡಿಯದೆ ಪದಗಳನ್ನು ಮಾತ್ರ ಹಿಡಿದರೆ ದನಿ ಕೈಗೆ ಸಿಗುವುದಿಲ್ಲ.

ಹಾಗೆಂದು ಲೇಖಕರ ವಯಸ್ಸೇ ಇಲ್ಲಿ ಅರ್ಹತೆ ಎನ್ನಲಾಗದು. ಎಸ್. ಇ. ಹಿಂಟನ್ ‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ಬರೆಯತೊಡಗಿದ್ದು ಹದಿನೈದರಲ್ಲಿ. 1967ರಲ್ಲಿ ಅದು ಪ್ರಕಟವಾದಾಗ ಆಕೆಗೆ ಹದಿನೆಂಟು. ಆದರೂ ಆಕೆ ಆರಿಸಿಕೊಂಡದ್ದು ತನ್ನ ದನಿಯನ್ನಲ್ಲ, ಹದಿನಾಲ್ಕರ ಹುಡುಗನೊಬ್ಬನ ದನಿಯನ್ನು. ಜೆ. ಡಿ. ಸಾಲಿಂಜರ್‌ನ ‘ದಿ ಕ್ಯಾಚರ್ ಇನ್ ದಿ ರೈ’ 1951ರಲ್ಲಿ ಹೊರಬಂದಾಗ ಅವನಿಗೆ ಮೂವತ್ತೆರಡು. ಕಥೆ ಹೇಳುವ ಹೋಲ್ಡನ್‌ಗೆ ಹದಿನೇಳು. ಈ ಕಾದಂಬರಿಯ ಬಗ್ಗೆ ಮಾತು ಬಂದಾಗ ಹೋಲ್ಡನ್‌ನ ಆಡುನುಡಿಗೇ ಹೆಚ್ಚಿನ ಗಮನ ಸಲ್ಲುತ್ತದೆ. ಆದರೆ ಆ ದನಿಯನ್ನು ನಂಬಿಸುವುದು ಅವನು ನೇರವಾಗಿ ಹೇಳಲಾರದ ಸಂಗತಿ. ಸತ್ತುಹೋದ ತಮ್ಮನ ಕುರಿತು ಮಾತಾಡಲು ಅವನಿಗೆ ದಾರಿಯಿಲ್ಲ. ಸಹಪಾಠಿಯೊಬ್ಬನಿಗಾಗಿ ಶಾಲೆಯ ಪ್ರಬಂಧ ಬರೆದುಕೊಡಲು ಕುಳಿತಾಗ, ಒಂದು ಕೋಣೆಯನ್ನೋ ಮನೆಯನ್ನೋ ವರ್ಣಿಸಬೇಕಾದಲ್ಲಿ, ತಮ್ಮನು ಪದ್ಯಗಳನ್ನು ಗೀಚಿಕೊಂಡಿದ್ದ ಬೇಸ್‌ಬಾಲ್ ಕೈಗವಸನ್ನು ವರ್ಣಿಸುತ್ತಾನೆ. ದುಃಖವು ಕೈಗವಸಿನ ವರ್ಣನೆಯಾಗಿ ಹೊರಬರುತ್ತದೆ. ಈ ಅಡ್ಡದಾರಿಯೇ ಅವನ ವಯಸ್ಸಿನ ಗುರುತು.

ಮಾರ್ಕ್ ಟ್ವೇನ್‌ನ ಹಕಲ್‌ಬರಿ ಫಿನ್ ಇದಕ್ಕೂ ಮುಂದಿನ ಒಂದು ಸಾಧ್ಯತೆಯನ್ನು ತೋರುತ್ತಾನೆ. ಗುಲಾಮಗಿರಿಯಿಂದ ಓಡಿಬಂದ ಜಿಮ್‌ನನ್ನು ಹಿಡಿದುಕೊಡುವ ಪತ್ರವನ್ನು ಬರೆದು, ಅದನ್ನು ಹರಿದು ಹಾಕುವಾಗ ತಾನು ಪಾಪ ಮಾಡುತ್ತಿದ್ದೇನೆ ಎಂದೇ ಹಕ್ ನಂಬಿದ್ದಾನೆ. ಅವನು ಮಾಡಿದ್ದು ಸರಿ ಎಂಬುದು ಓದುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಲೇಖಕನಿಗೂ ಪಾತ್ರಕ್ಕೂ ನಡುವೆ ಇರುವ ಈ ಅಂತರವನ್ನು ಟ್ವೇನ್ ಎಲ್ಲಿಯೂ ಮುಚ್ಚಲು ಹೋಗುವುದಿಲ್ಲ. ತನ್ನ ನೀತಿಯನ್ನು ಹಕ್‌ನ ಬಾಯಲ್ಲಿ ಒಂದೇ ಒಂದು ಸಲ ಹೇಳಿಸಿದ್ದರೂ ಕಾದಂಬರಿ ಅಲ್ಲಿಯೇ ಸಡಿಲವಾಗುತ್ತಿತ್ತು.

ಕನ್ನಡದಲ್ಲಿ ಬಾಲಸಾಕ್ಷಿಯ ದನಿಗೆ ಗಟ್ಟಿಯಾದ ಮಾದರಿಗಳಿವೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಯಮುನಕ್ಕನ ದುರಂತ ಓದುಗರನ್ನು ತಲುಪುವುದು ಅದನ್ನು ಪೂರ್ತಿ ಅರ್ಥಮಾಡಿಕೊಳ್ಳಲಾರದ ಹುಡುಗನ ಮೂಲಕ. ಅವನ ಅರಿವಿನ ಮಿತಿಯೇ ಕಥೆಯ ಶಕ್ತಿ. ಹರೆಯದ ದನಿಗೆ ಈ ಮಾದರಿ ಸಾಲದು. ಹದಿನಾರರವರು ಕೇವಲ ಸಾಕ್ಷಿಗಳಲ್ಲ. ಅವರು ಅರ್ಥಮಾಡಿಕೊಂಡಿರುತ್ತಾರೆ, ಆಗಲೇ ಪಕ್ಷವನ್ನೂ ಹಿಡಿದಿರುತ್ತಾರೆ, ಕೆಲವೊಮ್ಮೆ ಅದಕ್ಕಾಗಿ ದೊಡ್ಡ ಬೆಲೆ ತೆರುತ್ತಾರೆ.

ಗಡಿನಾಡಿನ ಮಟ್ಟಿಗೆ ಇದು ಬರಿಯ ಮಾತಲ್ಲ. 1941ರ ಮಾರ್ಚ್ 28ರ ಕಯ್ಯೂರಿನ ಘಟನೆಗಾಗಿ ಅಪ್ಪು, ಚಿರುಕಂಡ, ಕುಂಞಂಬು ನಾಯರ್ ಮತ್ತು ಅಬೂಬಕ್ಕರ್ ಎಂಬ ನಾಲ್ವರು ರೈತರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ಮೊಕದ್ದಮೆಯ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಗಲ್ಲಿನಿಂದ ಉಳಿದದ್ದು ಅಪ್ರಾಪ್ತವಯಸ್ಕನೆಂಬ ಕಾರಣದಿಂದ. ನ್ಯಾಯಾಲಯ ಒಬ್ಬನ ವಯಸ್ಸನ್ನು ಅಳೆದು ಜೀವವನ್ನು ಉಳಿಸಿತು. ಹಾಗಾದರೆ ಆ ಹೋರಾಟದಲ್ಲಿ ಹರೆಯ ಎಷ್ಟಿತ್ತು, ಅದು ಹೇಗೆ ಮಾತಾಡುತ್ತಿತ್ತು ಎಂಬುದನ್ನು ಅಳೆಯುವ ಹೊಣೆ ಸಾಹಿತ್ಯದ್ದು.

ನಿರಂಜನರ ‘ಚಿರಸ್ಮರಣೆ’ (1955) ಆ ಹೊಣೆಯನ್ನು ಹೊತ್ತ ಕಾದಂಬರಿ. ನೀಲೇಶ್ವರದಲ್ಲಿ ಓದಿದ್ದ ನಿರಂಜನರಿಗೆ ಆ ನೆಲವೂ ಅಲ್ಲಿಯ ಮಲಯಾಳವೂ ಪರಿಚಿತ. ಬದುಕಿನಲ್ಲಿ ಮಲಯಾಳ ಆಡಿದ ಅಪ್ಪು, ಚಿರುಕಂಡರಿಗೆ ಅವರು ಕನ್ನಡವನ್ನು ಕೊಡಬೇಕಾಯಿತು. ಅವರು ಆರಿಸಿದ್ದು ಯಾವ ಒಂದು ಸೀಮೆಗೂ ಅಂಟದ ಸರಳ ಕನ್ನಡ. ಕಯ್ಯೂರಿನ ಕಥೆಯನ್ನು ಕನ್ನಡನಾಡಿನ ಎಲ್ಲ ಓದುಗರಿಗೂ ತಲುಪಿಸಿದ್ದು ಈ ಆಯ್ಕೆ. ಅದಕ್ಕೆ ತೆತ್ತ ಬೆಲೆಯೂ ಇದೆ. ಗೆಳೆಯರಿಬ್ಬರೂ ಹುಡುಗರಾಗಿರುವ ಭಾಗಗಳಲ್ಲಿ, ಅವರ ಸಂಕೋಚ, ಕುತೂಹಲ, ಮೇಷ್ಟರ ಮೇಲಿನ ಅಭಿಮಾನ ಇವುಗಳಲ್ಲಿ ವಯಸ್ಸು ಕಾಣುತ್ತದೆ. ರೈತಸಂಘ ಬೆಳೆದಂತೆ ಅವರ ಮಾತು ಸಂಘದ ಮಾತಿನೊಂದಿಗೆ ಬೆರೆಯುತ್ತದೆ, ಒಬ್ಬನ ದನಿಯನ್ನು ಇನ್ನೊಬ್ಬನದರಿಂದ ಬೇರ್ಪಡಿಸುವುದು ಕಷ್ಟವಾಗುತ್ತದೆ. ಸಮೂಹವೇ ನಾಯಕನಾದ ಕೃತಿಯಲ್ಲಿ ಇದನ್ನು ದೋಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಹರೆಯದ ಹುಡುಗನೊಬ್ಬ ಧೀರನಾಗುವಾಗ ಅವನ ದನಿಗೆ ಏನಾಗುತ್ತದೆ ಎಂಬ ಪ್ರಶ್ನೆ ಕಾದಂಬರಿಯ ಅಂಚಿನಲ್ಲಿಯೇ ಉಳಿಯುತ್ತದೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಎತ್ತುತ್ತದೆ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ನಾದಿರಾ, ತಂದೆಯ ಹಟಕ್ಕೆ ಸಿಕ್ಕು ಗಂಡನಿಂದ ದೂರವಾಗುವ ಎಳೆಯ ಹೆಣ್ಣು. ಕಾಸರಗೋಡಿನಲ್ಲಿ ಹುಟ್ಟಿದ ಲೇಖಕಿಗೆ ನಾದಿರಾಳ ಮನೆಮಾತು ಕನ್ನಡವಲ್ಲ ಎಂಬುದು ತಿಳಿದಿದೆ. ಅವರು ಆ ದನಿಯನ್ನು ಕಟ್ಟುವುದು ಮಾತಿನಿಂದಲ್ಲ, ಮಾತು ತಡೆಯುವ ಜಾಗಗಳಿಂದ. ತಂದೆಯೆದುರು ಉತ್ತರವಿಲ್ಲ, ತಾಯಿಯೊಡನೆ ಅರ್ಧ ಮಾತು, ಒಬ್ಬಳೇ ಇದ್ದಾಗ ಮಾತ್ರ ಪ್ರಶ್ನೆ. ನಾದಿರಾ ತಂದೆಯೆದುರು ನಿಂತು ಸ್ತ್ರೀಹಕ್ಕಿನ ಕುರಿತು ಮಾತನಾಡಿದ್ದರೆ ಲೇಖಕಿಯ ನಿಲುವು ಇನ್ನಷ್ಟು ಸ್ಪಷ್ಟವಾಗುತ್ತಿತ್ತೇನೋ. ನಾದಿರಾ ಮಾತ್ರ ಕಳೆದುಹೋಗುತ್ತಿದ್ದಳು.

ನೆರೆಯ ಮಲಯಾಳದಲ್ಲಿ ವೈಕಂ ಮುಹಮ್ಮದ್ ಬಷೀರ್ ಇದನ್ನೇ ಕಥಾವಸ್ತುವಾಗಿಸಿದ್ದಾರೆ. ಸಾಲಿಂಜರ್‌ನ ಕಾದಂಬರಿ ಬಂದ 1951ರಲ್ಲಿಯೇ ಹೊರಬಂದ, ಅಜ್ಜನ ಆನೆಯ ಕುರಿತ ಅವರ ಕಾದಂಬರಿಯ ಶೀರ್ಷಿಕೆಯೇ ಮನೆಯೊಳಗಿನ ಆಡುನುಡಿಯಲ್ಲಿದೆ. ಶಾಲೆಯ ಮೆಟ್ಟಿಲು ಹತ್ತದ ಕುಂಞುಪಾತ್ತುಮ್ಮಳ ಉಚ್ಚಾರವನ್ನು ಕಲಿತ ಗೆಳತಿ ಆಯಿಷಾ ತಿದ್ದುತ್ತಾಳೆ, ನಗುತ್ತಾಳೆ. ಹರೆಯದ ದನಿ ಸದಾ ತಿದ್ದುವವರ ಎದುರಿನಲ್ಲಿರುತ್ತದೆ ಎಂಬುದನ್ನು ಬಷೀರ್ ಕಂಡಿದ್ದಾರೆ. ಆದರೆ ತಿದ್ದುವ ಗೆಳತಿಯ ಪಕ್ಷವನ್ನು ಕಥೆ ಕುರುಡಾಗಿ ವಹಿಸುವುದಿಲ್ಲ. ಶುದ್ಧವಲ್ಲದ ಆ ಮಾತಿನಲ್ಲಿಯೇ ಹುಡುಗಿಯ ಬೆರಗೂ ಬುದ್ಧಿಯೂ ನೆಲೆಸಿವೆ.

ಗಡಿನಾಡಿನ ಇಂದಿನ ಬರಹಗಾರರಿಗೆ ಈ ಮೂರೂ ಕೃತಿಗಳು ಬೇಕು. 1956ರ ನವೆಂಬರ್ 1ರ ನಂತರ ಕಾಸರಗೋಡಿನ ಹರೆಯದವರ ಬದುಕು ಹಲವು ಭಾಷೆಗಳ ನಡುವೆ ಹಂಚಿಹೋಗಿದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ, ತರಗತಿಯಲ್ಲಿ ಪಠ್ಯಪುಸ್ತಕದ ಕನ್ನಡ, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳ. ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದವಾನಿಯಲ್ಲಿ ತೆಲುಗು ಇದೇ ಜಾಗದಲ್ಲಿ ನಿಲ್ಲುತ್ತವೆ. ಇಂತಹ ಊರಿನ ಹುಡುಗಿ ಭಾಷೆ ಬದಲಿಸುವುದು ಸೊಗಸಿಗಾಗಿ ಅಲ್ಲ. ಯಾರೆದುರು ಯಾವ ಭಾಷೆಯಲ್ಲಿ ಸಣ್ಣವಳಾಗುತ್ತೇನೆ, ಯಾವುದರಲ್ಲಿ ದೊಡ್ಡವಳಾಗುತ್ತೇನೆ ಎಂಬ ಲೆಕ್ಕ ಅದರಲ್ಲಿದೆ.

ಒಂದು ಸಣ್ಣ ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಊರಲ್ಲೇ ಪ್ಲಸ್ ವನ್ ಸೇರಬೇಕೇ, ಗಡಿ ದಾಟಿ ಮಂಗಳೂರಿನಲ್ಲಿ ಪಿಯುಸಿ ಓದಬೇಕೇ ಎಂಬ ಚರ್ಚೆ ಮನೆಯಲ್ಲಿ ನಡೆದಿದೆ. ‘ಅಮ್ಮಾ, ನನ್ನ ಭವಿಷ್ಯವನ್ನು ನಿರ್ಧರಿಸುವ ಸ್ವಾತಂತ್ರ್ಯ ನನಗಿರಬೇಕು’ ಎಂದು ಅವಳು ಹೇಳಿದರೆ ಮಾತಾಡಿದ್ದು ಲೇಖಕರು. ‘ಫುಲ್ ಬೋರ್ ಮಾರಾಯ್ತಿ, ಲೈಫೇ ವೇಸ್ಟ್’ ಎಂದರೆ ಗೆಳತಿಗೆ ಹೇಳಬೇಕಾದ ಮಾತನ್ನು ತಾಯಿಗೆ ಹೇಳಿಸಿದಂತಾಯಿತು. ಪದಗಳು ಅವಳವೇ ಆದರೂ ಸಂಬಂಧ ಸುಳ್ಳು. ಅದೇ ಪ್ರಸಂಗವನ್ನು ಹೀಗೂ ಬರೆಯಬಹುದು:

‘ಎಲ್ಲಿ ಸೇರುದು ಅಂತ ಅಪ್ಪ ಕೇಳಿದ್ರು.’

‘ಎಲ್ಲಿಯಾದ್ರೂ.’

‘ಎಲ್ಲಿಯಾದ್ರೂ ಅಂದ್ರೆ ಎಂತ?’

‘ಬಾಲ್ದಿ ತುಂಬಿತು ಅಮ್ಮ, ನಳ್ಳಿ ನಿಲ್ಸು.’

ಇಲ್ಲಿ ಅವಳು ಏನನ್ನೂ ಘೋಷಿಸಿಲ್ಲ. ಆದರೂ ಈ ಚರ್ಚೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂದು ಅವಳಿಗೆ ಗೊತ್ತಿರುವುದು ಓದುಗರಿಗೆ ತಿಳಿಯುತ್ತದೆ. ಕರಾವಳಿಯ ಮೂರು ನಾಲ್ಕು ರೂಪಗಳು ಬಂದಿವೆ. ಅವು ಮನೆಯೊಳಗಿನವು, ಪ್ರದರ್ಶನಕ್ಕಿಟ್ಟವಲ್ಲ. ಅದೇ ಹುಡುಗಿ ಮರುದಿನ ಕನ್ನಡ ಟೀಚರ ಎದುರು ಅಳೆದು ತೂಗಿ ಪುಸ್ತಕದ ಕನ್ನಡ ಆಡಿದರೆ ಅದೂ ಅವಳದೇ ದನಿ.

ಈ ವ್ಯತ್ಯಾಸಗಳನ್ನು ಮುದ್ರಣಕ್ಕೆ ಮುಂಚೆ ಸಮಗೊಳಿಸಿಬಿಡುವ ಪ್ರವೃತ್ತಿ ಸಂಪಾದನೆಯಲ್ಲಿಯೂ ಶಾಲೆಯ ಕಥಾಸ್ಪರ್ಧೆಗಳ ತೀರ್ಪಿನಲ್ಲಿಯೂ ಸುಲಭವಾಗಿ ನುಸುಳುತ್ತದೆ. ‘ಸೇರುದು’ ಎಂಬುದು ‘ಸೇರುವುದು’ ಆಗುತ್ತದೆ, ಮಲಯಾಳದ ಒಂದು ಪದ ಕನ್ನಡವಾಗುತ್ತದೆ, ಹುಡುಗಿ ಎಲ್ಲಿಯವಳೂ ಆಗಬಹುದಾದವಳಾಗುತ್ತಾಳೆ. ಕನ್ನಡವನ್ನು ಉಳಿಸಿಕೊಳ್ಳಲು ದಶಕಗಳ ಕಾಲ ಹೋರಾಡಿದ ಸಮುದಾಯಕ್ಕೆ ಶುದ್ಧ ಕನ್ನಡದ ಮೇಲಿನ ಮಮತೆ ಸಹಜ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಆ ಕನ್ನಡವನ್ನು ಮುಂದೆ ಆಡಬೇಕಾದವರು ಹದಿಮೂರರಿಂದ ಹದಿನೆಂಟರ ನಡುವಿನವರು. ಕನ್ನಡದ ಪುಸ್ತಕವೊಂದನ್ನು ತೆರೆದಾಗ ತಮ್ಮ ವಯಸ್ಸಿನ ಪಾತ್ರಗಳೆಲ್ಲ ತಮಗಿಂತ ಶುದ್ಧವಾಗಿ ಮಾತಾಡುವುದನ್ನು ಕಂಡರೆ, ತಾವಾಡುವುದು ಕನ್ನಡವೇ ಅಲ್ಲವೆಂಬ ತೀರ್ಮಾನಕ್ಕೆ ಅವರು ಬರಬಹುದು. ಆಮೇಲೆ ಮಲಯಾಳಕ್ಕೋ ಮರಾಠಿಗೋ ಇಂಗ್ಲಿಷಿಗೋ ದಾಟುವುದು ಕಷ್ಟವಲ್ಲ. ಆ ಭಾಷೆಗಳಲ್ಲಿ ತಪ್ಪಾಡಿದರೆ ಕಲಿಯುತ್ತಿರುವವರೆಂಬ ರಿಯಾಯಿತಿಯಾದರೂ ಇದೆ.

ನಿರಂಜನರು ಕಯ್ಯೂರಿನ ಹುಡುಗರಿಗೆ ಕನ್ನಡವನ್ನು ಕೊಟ್ಟರು, ಸಾರಾ ಅಬೂಬಕ್ಕರ್ ಚಂದ್ರಗಿರಿ ತೀರದ ಹೆಣ್ಣಿನ ಮೌನವನ್ನು ಕನ್ನಡದಲ್ಲಿ ಕೇಳಿಸಿದರು. ಮುಂದಿನ ಕೆಲಸ ಬಾಕಿಯಿದೆ: ಎರಡು ಮೂರು ಭಾಷೆಗಳ ನಡುವೆ ನಿಂತು, ಅರ್ಧ ಹೇಳಿ, ಹೇಳಿದ್ದಕ್ಕೆ ಮರುದಿನ ನಾಚಿ, ಮತ್ತೆ ಹೇಳುವ ಹದಿನಾರರ ದನಿಯನ್ನು ತಿದ್ದದೆ ಬರೆದುಕೊಳ್ಳುವುದು. ಅದಕ್ಕೆ ಮೊದಲು ಬಸ್ಸಿನಲ್ಲಿ, ಶಾಲೆಯ ಜಗಲಿಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಆ ದನಿಗೆ ಕಿವಿಗೊಡಬೇಕು.